ಎರಡನೇ ಏಟು

ಆ ಬೆಂಕಿ ಸ್ವಲ್ಪ ತಗ್ಗಿಸಿ. ಜೋರಾಗಿ ಮಾತಾಡಬೇಡಿ, ಮಗಳು ಮಲಗಿದ್ದಾಳೆ. ಇದು ಯಾರೋ ಹೇಳಿದ ಕತೆಯಲ್ಲ... ನನ್ನ ಚಿಕ್ಕಮ್ಮನ ಮಗಳು ಗೆನೆರಿಸ್‌ಗೆ ಆದದ್ದು.

ಆ ರಾತ್ರಿ ಅವಳು ಒಬ್ಬಳೇ ಬರುತ್ತಿದ್ದಳು. ಕೈಯಲ್ಲಿ ಕೋಲು. ನಮ್ಮ ಯೂ ಮರದ ಕೆಳಗಿನ ಬಾವಿ ಗೊತ್ತಲ್ಲ, ಅಲ್ಲಿಗೆ ಬಂದಾಗ ಕೇಳಿಸಿತು... ಟಿಣ್. ಟಿಣ್. ಆಡಿನ ಕೊರಳ ಗಂಟೆ. ಬಾವಿಯೊಳಗಿಂದ. ಆಮೇಲೆ ಮರದ ಅಗುಳಿ ಸರಿದ ಸದ್ದು, ಕರ್ರ್... ಒಂದು ಗಂಡುದನಿ ಪಿಸುಗುಟ್ಟಿತು. "ಬಾಗ್ಲು ತೆಗೀಬೇಡ." ಕೊನೆಗೆ ಒಂದು ಮಗು.

"ಅಮ್ಮಾ... ಕಿರುಚೋಕೆ ಆಗ್ತಿಲ್ಲಮ್ಮಾ."

ಗೆನೆರಿಸ್ ಬಾವಿಯಿಂದ ಹಿಂದೆ ಸರಿದಳು. ಆ ಮಗುವಿನ ದನಿ ಕಿತ್ತುಕೊಂಡವಳು ಅವಳೇ.

ಅವಳನ್ನು ಸಾಕಿದ್ದು ಮೈಲಿರ್ ಅರಸ. ಈ ವೇಲ್ಸ್‌ನಲ್ಲಿ ಅರಸರಿಗೇನು ಬರ, ಗುಡ್ಡಕ್ಕೊಬ್ಬ! ಅವನ ಸಭೆಯಲ್ಲಿ ಗಲಾಟೆಯಾದರೆ ಕಂಬಕ್ಕೆ ಕೋಲಿನಿಂದ ಹೊಡೆದು ಎಲ್ಲರನ್ನೂ ಸುಮ್ಮನಾಗಿಸುವ ಕೆಲಸ ಇವಳದು, ಹಾಲುಹಲ್ಲು ಬೀಳುವ ವಯಸ್ಸಿನಿಂದ. ಬೇರೆ ಅರಸರ ಬಳಿಯೂ ಅಂಥ ಆಳಿರುತ್ತಾನೆ. ಆದರೆ ಇವಳು ಹೊಡೆದರೆ ಸದ್ದು ನಿಜವಾಗಿಯೇ ಸಾಯುತ್ತಿತ್ತು. ಟಕ್! ನಾಯಿ ಬಾಯಿ ತೆರೆದರೂ ಬೊಗಳು ಕೇಳದು. ಇನ್ನೊಂದು ಏಟು ಹೊಡೆದರೆ, ತಡೆದದ್ದೆಲ್ಲ ಹೊರಗೆ. ಒಮ್ಮೆ ಎರಡನೇ ಏಟಿಗೆ ಹಾಡುಗಾರ ಬಾಯಿ ತೆರೆಯುವಷ್ಟರಲ್ಲಿ ಪಾರುಪತ್ಯಗಾರನ ತೇಗು ಹೊರಬಿದ್ದು, ಅರಸ ಬಿದ್ದು ಬಿದ್ದು ನಕ್ಕಿದ್ದ. ನಕ್ಕವನು ಆಮೇಲೆ ಯೋಚಿಸಿದ. ಕೆಟ್ಟದ್ದು ಅಲ್ಲೇ.

ಪಕ್ಕದ ಸೀಮೆಗೆ ದನ ದೋಚಲು ಹೋಗುವಾಗ ಅವಳನ್ನೂ ಕರೆದೊಯ್ದ. ಹಳ್ಳಿಯಂಚಿನ ಮರಕ್ಕೆ ಒಂದು ಏಟು... ಟಕ್. ಗಂಡನ ತಲೆಗೆ ಕೊಡಲಿ ಬಿದ್ದರೂ ಪಕ್ಕದಲ್ಲಿ ಮಲಗಿದ ಹೆಂಡತಿಗೆ ಎಚ್ಚರವಿಲ್ಲ. ಹುಲ್ಲುಮಾಡಿಗೆ ಬೆಂಕಿ ಹತ್ತಿದರೂ ಚಿಟಪಟ ಇಲ್ಲ. ಅಲ್ಲಿ ಎರಡನೇ ಏಟು ಹೊಡೆಯಲು ಅರಸ ಬಿಡುತ್ತಿರಲಿಲ್ಲ. ಆ ಸದ್ದೆಲ್ಲ ಎಲ್ಲಿ ಹೋಯಿತು ಎಂದು ಅವಳೂ ಕೇಳಿರಲಿಲ್ಲ. ಪ್ರತಿ ಸಲ ಬಂದು ಕೋಲು ತೊಳೆಯುತ್ತಿದ್ದದ್ದು ಆ ಬಾವಿಯಲ್ಲೇ...

ಆ ರಾತ್ರಿ ಬಾವಿಯಿಂದ ನೇರ ನನ್ನ ಹತ್ತಿರ ಓಡಿ ಬಂದಳು. ನಾನಾಗ ಅರಸನ ರೊಟ್ಟಿಮನೆಯಲ್ಲಿ ಕೆಲಸಕ್ಕಿದ್ದೆ. ಅಲ್ಲೇ ಮೂಲೆಯಲ್ಲಿ ಹೆರಿಗೆ ನೋವು ತಿನ್ನುತ್ತಿದ್ದೆ.

"ಅಕ್ಕಾ, ಇನ್ಮೇಲೆ ನಾನ್ ಹೊಡಿಯಲ್ಲ."

"ಹಾಗಂತ ಅವನ ಮುಂದೆ ಹೇಳ್ತೀಯಾ? ಹುಚ್ಚೀ, ಚರ್ಮ ಸುಲೀತಾನೆ."

"ಸುಲೀಲಿ."

ರೊಟ್ಟಿಮನೆಗೂ ಸಭೆಗೂ ನಡುವೆ ಇದ್ದದ್ದು ಒಂದು ತಡಿಕೆಗೋಡೆ. ಬಿರುಕಿನಲ್ಲಿ ಎಲ್ಲ ಕಾಣುತ್ತಿತ್ತು. ಅರಸ ಒಬ್ಬನೇ ಒಲೆಯ ಮುಂದೆ ಕೂತು ಮೂಳೆ ಚೀಪುತ್ತಿದ್ದ.

"ನಾಳೆ ಹೊಳೆಯಾಚೆ ಹೋಗೋದು. ಕೋಲು ತೊಳೆದ್ಯಾ?"

"ನಾನ್ ಬರಲ್ಲ, ಒಡೆಯಾ."

ಅವನಿಗೆ ಸಿಟ್ಟೇ ಬರಲಿಲ್ಲ. "ಪಕ್ಕದಲ್ಲಿ ನಿಮ್ಮಕ್ಕ ಹೆರ್ತಿದಾಳಂತೆ. ಹುಟ್ಟಿದ್ದನ್ನ ಬಾವಿಗೆ ಹಾಕಿಸ್ಲಾ?... ಬೆಳಗ್ಗೆ ಕುದುರೆ ಹತ್ರ ಇರು, ಹೋಗು."

ಅವಳು ಕಂಬದ ಬಳಿ ಹೋದಳು. ಟಕ್.

ಬಾಗಿಲಾಚೆ ದಾಳ ಆಡುತ್ತಿದ್ದ ಕಾವಲಿನವರು ತಲೆಯನ್ನೂ ಎತ್ತಲಿಲ್ಲ. ಅರಸ ಮಲಗುವಾಗ ಸದ್ದಡಗಿಸುವುದು ದಿನಾ ಇದ್ದದ್ದೇ.

ಮಾಂಸ ಕೊಯ್ಯುವ ಚೂರಿಯನ್ನು ಅವನ ಕೊರಳಿಗೆ ಇಳಿಸಿದಳು. ಎತ್ತಿನಂಥ ಗಂಡಸು, ಸುಲಭಕ್ಕೆ ಸಾಯಲಿಲ್ಲ. ಜಡೆ ಹಿಡಿದು ಅವಳ ಮುಖವನ್ನು ಕಂಬಕ್ಕೆ ಗುದ್ದಿದ. ಮತ್ತೆ ಗುದ್ದಿದ. ಅವಳ ಹಲ್ಲು ನೆಲಕ್ಕೆ ಉದುರಿದ್ದು ಕಂಡೆ, ಕೇಳಲಿಲ್ಲ. ಅವನ ಬಾಯಿ ಇಷ್ಟಗಲ ತೆರೆದು ಕಾವಲಿನವರನ್ನು ಕೂಗುತ್ತಿತ್ತು. ಅವಳು ಚೂರಿ ಕಿತ್ತು ಮತ್ತೆ ಚುಚ್ಚಿದಳು, ಮತ್ತೆ... ಅವನ ಕಾಲುಗಳು ಒಲೆಯ ಬೂದಿಯಲ್ಲಿ ಒದ್ದಾಡಿ ನಿಂತವು.

ಅದೇ ಹೊತ್ತಿಗೆ ನನಗೆ ಮಗುವಾಯಿತು. ನಾನೂ ಕಿರುಚಿದೆ, ನನಗೇ ಕೇಳಲಿಲ್ಲ. ಹೆಣ್ಣುಮಗು. ಬಾಯಿ ತೆರೆದು ಅಳುತ್ತಿದೆ... ಸದ್ದಿಲ್ಲ.

ಗೆನೆರಿಸ್ ಒಳಗೆ ಬಂದಳು. ಮುಖವೆಲ್ಲ ರಕ್ತ. ಹಿಂದಿನ ಬಾಗಿಲು ತೆರೆದೇ ಇತ್ತು. ಹಾಗೇ ಕಾಡು ಸೇರಿದ್ದರೆ ಬೆಳಗಿನವರೆಗೆ ಯಾರಿಗೂ ಸುಳಿವು ಸಿಗುತ್ತಿರಲಿಲ್ಲ. ಹೋಗು, ಹೋಗು ಎಂದು ಕೈ ಬೀಸಿದೆ. ಅವಳು ಮಗುವಿನ ಬಾಯನ್ನೇ ನೋಡುತ್ತ ನಿಂತಳು. ಇನ್ನೊಂದು ಏಟು ಹೊಡೆದರೆ ಏನೇನು ಹೊರಗೆ ಬರುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನನ್ನ ಬಾಗಿಲ ಕಂಬಕ್ಕೆ ಹೊಡೆದಳು. ಟಕ್.

"ಕಾವಲು! ಕಾವಲೂ! ಕೊಲ್ತಿದಾಳ್ರೋ!"

ಸತ್ತು ಬಿದ್ದವನ ದನಿ ಸಭೆಯೆಲ್ಲ ತುಂಬಿತು. ದಾಳ ಚೆಲ್ಲಿದ ಸದ್ದು. ಓಡಿಬರುವ ಕಾಲುಗಳು, ದಬದಬ. ನನ್ನ ಹೊಸ್ತಿಲ ಮೇಲೇ ಅವಳನ್ನು ಕೊಡಲಿಯಿಂದ... ಬೇಡ, ಅದನ್ನು ಹೇಳಲಾರೆ. ಕೊನೆಯವರೆಗೂ ಅವಳ ಕಿವಿ ಮಗುವಿನ ಕಡೆಗೇ ಇತ್ತು.

ಮಗು ಅಳಲಿಲ್ಲ. ಎಲ್ಲರ ಸದ್ದೂ ವಾಪಸ್ ಬಂತು, ಅದರದ್ದೊಂದು ಬರಲಿಲ್ಲ. ಇವತ್ತಿಗೂ ಇಲ್ಲ. ಅಲ್ಲಿ ಮಲಗಿದ್ದಾಳಲ್ಲ, ಇವಳೇ. ಬರುವ ಚಳಿಗಾಲಕ್ಕೆ ಮದುವೆ.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಈಗ ಹಿಟ್ಟು ಹೊತ್ತು ಆ ಬಾವಿ ದಾಟಿ ಬಂದೆನಲ್ಲ... ಅದರೊಳಗೆ ಟಕ್ ಎಂದಿತು, ಅವಳ ಕೋಲಿನದೇ ಏಟು. ಹಿಂದೆಯೇ ಒಂದು ಅಳು. ಆಗಷ್ಟೇ ಹುಟ್ಟಿದ ಕೂಸಿನದು. ಆ ದನಿಯನ್ನು ನಾನು ಒಮ್ಮೆಯೂ ಕೇಳಿದವಳಲ್ಲ. ಆದರೂ ಗೊತ್ತಾಯಿತು. ಹೆತ್ತವಳಿಗೆ ಗೊತ್ತಾಗದೆ ಇರುತ್ತದೆಯೇ?

ಸುಳ್ಳು ಅಂತೀರಾ? ಇವಳಾದ ಮೇಲೆ ನಾನು ಇನ್ನೊಂದು ಹೆತ್ತಿಲ್ಲ, ಅದು ಊರಿಗೇ ಗೊತ್ತು. ಬನ್ನಿ, ಈ ಅಂಗಿಯ ಎದೆ ಮುಟ್ಟಿ ನೋಡಿ... ಹಾಲು. ಇನ್ನೂ ಒದ್ದೆಯಿದೆ.