ಒದ್ದೆ ಸೀರೆ

ಬನ್ನೂರಿನಿಂದ ತಿ. ನರಸೀಪುರಕ್ಕೆ ಹೊರಟ ಬಸ್ಸಿನಲ್ಲಿ ದೊಡ್ಡತಾಯಮ್ಮನ ಮುಂದಿನ ಸೀಟಿಗೆ ಅತ್ತಿಗೆ ನಾದಿನಿಯರಿಬ್ಬರು ಬಂದು ಕೂತರು. ನಾದಿನಿ ಬದಲಿ ಸೀರೆಗೆ ಸುತ್ತಿದ್ದ ಹಳೇ ಪೇಪರನ್ನು ಬಿಡಿಸಿ ಓದತೊಡಗಿದಳು.

“ಅತ್ಗೆ, ಯಾವ್ದೋ ದೇಸದಲ್ಲಿ ಗಂಡು ಎಣ್ಣು ಎಲ್ಲಾ ಬತ್ತಲೆ ಒಟ್ಟಿಗೇ ಈಜ್ತಾರಂತೆ. ಅಂಗಿದ್ರೆ ಮೈ ಬಗ್ಗೆ ನಾಚ್ಕೆ ಓಯ್ತದಂತೆ.”

“ಅವ್ರಿಗೇನವ್ವ, ಎರಡೂ ಅವೆ.”

“ನಿನ್ನಂಗೆ ಒಂದು ಮೊಲೆ ಕುಯ್ಸಿಕಂಡೋರೂ ಬತ್ತಾರಂತೆ. ಯಾರೂ ತಿರುಗಿ ನೋಡಕಿಲ್ವಂತೆ.”

“ನಮ್ಮ ಓರಗಿತ್ತೀರು ನೋಡ್ದೆ ಬಿಟ್ಟಾರಾ?”

“ಅವ್ವ ಸತ್ತು ಇವತ್ತಿಗೆ ಅನ್ನೊಂದನೇ ದಿನ. ಸೊಸೆ ಒಳೇಲಿ ಮುಳುಗ್ದಿದ್ರೆ ಸೂತಕ ಓಗಲ್ಲ ಅಂತಾರೆ, ಏನ್ಮಾಡನ?”

“ಮುಳುಗಕ್ಕೆ ಎದ್ರಿಕೆ ಇಲ್ಲ ಕಣೆ. ಒದ್ದೆ ಸೀರೆ ಅಂಟ್ಕಂಡ್ರೆ ಒಂದು ಕಡೆ ಚಪ್ಪಟೆ ಕಾಣ್ತದೆ.”

“ನಾನು ಟವಲ್ ಅಡ್ಡ ಇಡೀತೀನಿ.”

“ಎಷ್ಟು ಕಡೆ ಇಡೀತೀಯೆ? ನಾನೇ ಇನ್ನೂ ನೋಡ್ಕಂಡಿಲ್ಲ. ಎಂಟು ತಿಂಗ್ಳಿಂದ ಕಣ್ಮುಚ್ಚಿ ನೀರು ಉಯ್ಕತಾ ಇವ್ನಿ.”

ತಾನು ಸಣ್ಣವಳಿದ್ದಾಗ ಊರ ಮುದುಕಿಯರಿಗೆ ರವಿಕೆಯೇ ಇರಲಿಲ್ಲ, ಯಾರ ಮೈ ಹೇಗಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಆಡಿಕೊಳ್ಳುತ್ತಿರಲಿಲ್ಲ ಎಂದು ಹೇಳೋಣವೆನಿಸಿತು ದೊಡ್ಡತಾಯಮ್ಮನಿಗೆ. ಹೇಳಿದರೆ ಇವಳಿಗೆ ಇವತ್ತು ಆಗುವುದೇನು ಎಂದುಕೊಂಡು ಕಿಟಕಿಯತ್ತ ತಿರುಗಿದಳು.

ನರಸೀಪುರ ಬಂತು. ಇಬ್ಬರೂ ಇಳಿಯುವಷ್ಟರಲ್ಲಿ ಒದ್ದೆ ತಲೆಯ ಹೆಂಗಸೊಬ್ಬಳು ಓಡಿ ಬಂದು ಅತ್ತಿಗೆಯ ಕೈ ಹಿಡಿದೆಳೆದಳು.

“ಬಾರಕ್ಕ ಬಿರ್ರನೆ, ಎಲ್ರೂ ಮುಳುಗಿದ್ದಾಯ್ತು. ನಿನ್ನೊಬ್ಬಳ್ನೇ ಕಾಯ್ಕಂಡು ದಡದಲ್ಲಿ ನಿಂತವ್ರೆ.”

ಅತ್ತಿಗೆ ಇನ್ನೊಂದು ಕೈಯಲ್ಲಿ ಸೆರಗು ಎಳೆದುಕೊಳ್ಳುತ್ತಾ ಅವಳ ಹಿಂದೆ ನಡೆದಳು.