ಮೊದಲು ಸಮುದ್ರ, ಆಮೇಲೆ ಚಹಾ

ಬೆಳಗಿನ ಆರಕ್ಕೆ ಹೊರಡಬೇಕಾದವರು ಹತ್ತಾದರೂ ಬೆಂಗೇರಿಯ ನಮ್ಮ ಮನೆಯ ಪಡಸಾಲೆಯಲ್ಲೇ ಕೂತಿದ್ದೆವು. ಮಳೆ ಎಷ್ಟು ಜೋರಾಗಿತ್ತೆಂದರೆ ಹಗಲಲ್ಲೇ ದೀಪ ಹಾಕಬೇಕಾಗಿತ್ತು. ಕರಾವಳಿಯಲ್ಲಿ ಏಳು ದಿನದ ತಿರುಗಾಟಕ್ಕೆಂದು ಕಟ್ಟಿದ ಚೀಲಗಳು ನಮ್ಮಣ್ಣ ಸಂಕೇತನ ಕಾರಿನ ಡಿಕ್ಕಿ ಸೇರಿ ಯಾವುದೋ ಕಾಲವಾಗಿತ್ತು. ಕಾರವಾರ ಮೊದಲೋ ಗೋಕರ್ಣ ಮೊದಲೋ, ಹೊನ್ನಾವರದಲ್ಲಿ ಒಂದು ರಾತ್ರಿಯೋ ಎರಡೋ ಎಂಬ ಜಗಳ ಮಾತ್ರ ಮೂರು ಭಾನುವಾರದಿಂದ ಮುಗಿದಿರಲಿಲ್ಲ. ನನಗೆ, ಸಂಕೇತನಿಗೆ, ಚಿಕ್ಕಪ್ಪನ ಮಗಳು ದುರ್ಗಾಳಿಗೆ, ಮೂವರಿಗೂ ತಲೆ ಕೆಟ್ಟುಹೋಗಿತ್ತು.

ಸಂಕೇತ ಪ್ಲಾನಿನ ಹಾಳೆಯನ್ನು ಟೀಪಾಯಿಯ ಮೇಲೆ ಬಡಿದ. "ಇದೇನಿದು? 'ಅಂಕೋಲಾ. ಮೊದಲ ಸಮುದ್ರ, ಆಮ್ಯಾಲೆ ಚಾ.' ಅಷ್ಟು ದೂರ ಗಾಡಿ ಹೊಡದು ಒಂದು ಕಪ್ ಚಾ ಕುಡೀಬಾರದೇನು? ಯಾರು ಇದನ್ನ ಹಟಾ ಹಿಡದು ಬರಸಿದವರು?"

"ನೀನ ಹೇಳಿದಿ ಅಂತ ನಾ ಬರದೆ," ಎಂದೆ.

"ನಾ ಯಾವಾಗ ಹೇಳಿದೆ? ದುರ್ಗಾ ಹೇಳಿದ್ಲು."

"ಇಲ್ಲಪಾ! ಶಾಂಭವಿ ಅಂದ್ಲು ಅಂತ ನಾ ಸುಮ್ನಿದ್ದೆ." ದುರ್ಗಾ ನನ್ನತ್ತ ಬೆರಳು ತೋರಿಸಿದಳು.

ಕಿಟಕಿಯ ಬಳಿ ಕಣ್ಣು ಮುಚ್ಚಿ ಕೂತಿದ್ದ ಬಸಣ್ಣಜ್ಜ ಕಣ್ಣು ತೆರೆದ. ಉಪ್ಪಿನಬೆಟಗೇರಿಯಿಂದ ಬಂದು ನಲವತ್ತು ವರ್ಷ ಹತ್ತಿ ವ್ಯಾಪಾರ ಮಾಡಿದವನು, ಮಾತಿನಲ್ಲಿ ಯಾರಿಗೂ ಸೋತವನಲ್ಲ. ಇವತ್ತು ಯಾಕೋ ಅವನ ಮುಖ ಬಾಡಿತ್ತು.

"ಸಾಕು ಮಾಡ್ರಿ ನಿಮ್ಮ ಗದ್ದಲಾ! ಎಷ್ಟು ಮಂದಿ ಹೊಂಟೀರಿ? ಮೂರು ಹೌದಲ್ಲೋ? ಕುಂಡ್ರರಿ ಇಲ್ಲೆ. ಆ ಮಾತು ಯಾರು ಬರಸಿದ್ರು ಅಂತ ನನಗ ಗೊತ್ತೈತಿ."

ಮಳೆಯ ಸದ್ದಿನಲ್ಲಿ ಕೇಳಿಸಲೆಂದು ಕುರ್ಚಿಗಳನ್ನು ಅವನ ಹತ್ತಿರ ಎಳೆದುಕೊಂಡೆವು.

"ಹನ್ನೊಂದು ವರ್ಷದ ಹಿಂದಿನ ಮಾತು... ನಾವು ನಾಕು ಮಂದಿ ದೋಸ್ತರು. ನಾನು, ಸಾಲಿ ಮಾಸ್ತರ ಬಾಳಕೃಷ್ಣ, ಜೀಪಿನ ಅಹಮದಸಾಬ, ಮತ್ತ ಪೋಸ್ಟಿನ ಗುರುಬಸವ. ಈ ಗುರುಬಸವ ಅಂದ್ರ... ಮೂವತ್ತೈದು ವರ್ಷ ಕಾರವಾರದ್ದು ಇತ್ತಾಗ, ಕುಮಟಾದ್ದು ಅತ್ತಾಗ, ಭಟ್ಕಳದ್ದು ಇನ್ನೊಂದು ಕಡೆ ಅಂತ ಟಪಾಲು ಬ್ಯಾರೆ ಮಾಡಿ ಮಾಡಿ ಚೀಲಕ್ಕ ತುಂಬಿದಾಂವ, ಒಂದ ಒಂದು ದಿನ ಆ ಊರು ಕಣ್ಣಿಲೆ ನೋಡಿದಾಂವ ಅಲ್ಲ, ಸಮುದ್ರದ ನೀರು ಕಾಲಿಗೆ ಹತ್ತಸಗೊಂಡಾಂವ ಅಲ್ಲ. ರಿಟೈರ್ ಆದಮ್ಯಾಲೆ ಅವಂದು ಅದ ಜಪ. ಏಳು ದಿನ, ಏಳು ಊರು. ಹಳೀ ಕ್ಯಾಲೆಂಡರಿನ ಹಿಂದ ಬರಕೊಂಡು ಬರಾಂವ. ನಾವೇನು ಮಾಡ್ತಿದ್ವಿ? ಕೆಡಸ್ತಿದ್ವಿ! ನನಗ ಹತ್ತಿ ಸುಗ್ಗಿ, ಬಾಳಕೃಷ್ಣಗ ಅಮಾಸಿ ನಡುವ ಬರಬಾರದು, ಅಹಮದಸಾಬನ ಜೀಪು ಯಾವಾಗ ನೋಡಿದ್ರೂ ಗ್ಯಾರೇಜಿನ್ಯಾಗ. ಅಂವಾ ಹಾಳಿ ಹರದು ಮತ್ತ ಬರಿಯಾಂವ. ನಾಕು ವರ್ಷ... ನಾಕು ವರ್ಷ, ತಂಗೀ! 'ಉಳದದ್ದೆಲ್ಲಾ ನಿಮ್ಮ ಮನಸಿನಂಗ ಮಾಡ್ರೋ, ನಂದೊಂದ ಮಾತು ನಡಸ್ರಿ' ಅಂತಿದ್ದ. 'ಅಂಕೋಲಾ ಮುಟ್ಟಿದ ಕೂಡ್ಲೆ ಮೊದಲ ಸಮುದ್ರ, ಆಮ್ಯಾಲೆ ಚಾ. ನೀವು ಚಾದಂಗಡ್ಯಾಗ ಕುಂತ್ರ ನನ್ನ ಜನ್ಮ ಅಲ್ಲೇ ಮುಗೀತೈತಿ.'"

ದುರ್ಗಾ ಟೀಪಾಯಿಯ ಮೇಲಿದ್ದ ಹಾಳೆಯನ್ನು ಮೆಲ್ಲನೆ ದೂರ ತಳ್ಳಿದಳು. ಅಜ್ಜ ಅದನ್ನು ನೋಡಿಯೂ ನೋಡದವನಂತೆ ಮುಂದುವರಿಸಿದ.

"ಐದನೇ ವರ್ಷ ಸತ್ತ. ಮುಂಜಾನೆ ಎದಿನೋವು ಅಂದಾಂವ ಸಂಜೀತನಕಾ ಉಳೀಲಿಲ್ಲ. ಮಣ್ಣ ಕೊಟ್ಟು ಬಂದ್ವಿ, ನಾಚಿಕಿ ಹಿಡೀತು ನಮಗ. ಮುಂದಿನ ತಿಂಗಳಾನ ಹೊಂಟ್ವಿ. ಸತ್ತಮ್ಯಾಲೆ ಎಲ್ಲಾರಿಗೂ ಪುರಸತ್ತು ಸಿಗತೈತಿ, ನೋಡ್ರಿ! ಹೊಂಡೂ ಮುಂದ ನಿಮ್ಮಜ್ಜಿ ತಡದ್ಲು. ಮೂರು ಮಂದಿ ಕೂಡಿ ಹೋದ್ರ ಕೆಲಸ ಆಗೂದಿಲ್ಲ ಅಂತಾರಲ್ಲ, ಅದಕ್ಕ ಅಂಗಳದಾಗಿಂದು ಒಂದು ಕಲ್ಲು ತಂದು, 'ಇದು ನಾಕನೇದ್ದು ಅಂತ ಇಟಗೋರಿ' ಅಂದ್ಲು. ಸುಮ್ನ ಇಟಗೋಬೇಕಿತ್ತು. ಈ ನಾಲಿಗಿ ಕೇಳಬೇಕಲ್ಲ! ಹಿಂದಿನ ಸೀಟಿನ ಮ್ಯಾಲೆ ಇಟ್ಟು, 'ಬಾರಪಾ ಗುರುಬಸವಾ, ಕುಂಡ್ರು' ಅಂದ್ಬಿಟ್ಟೆ. ಕಲ್ಲಿಗೆ ಸತ್ತವರ ಹೆಸರು ಹಿಡದು ಕರೀತಾರೇನು ಯಾರರ?

"ಕಲಘಟಗಿ ದಾಟಿದ್ವಿ, ಯಲ್ಲಾಪುರ ದಾಟಿದ್ವಿ, ಅರಬೈಲ ಘಟ್ಟ ಇಳದು ನಾಕರ ಸುಮಾರ ಅಂಕೋಲಾ ಮುಟ್ಟಿದ್ವಿ. ಅಲ್ಲಿಂದ ಹತ್ತು ನಿಮಿಷದ ದಾರಿ... ಗಾಳ್ಯಾಗ ಉಪ್ಪಿನ ವಾಸನಿ ಬರಾಕತ್ತಿತ್ತು. ಬಾಳಕೃಷ್ಣ, 'ತಲಿ ಹಿಡದದ, ಒಂದು ಕಪ್ ಚಾ ಕುಡದು ಹೋಗೋಣು' ಅಂದ. ಬ್ಯಾಡ ಅನ್ನಬೇಕಿತ್ತೋ ಇಲ್ಲೋ ನಾನು? ಅನ್ನಲಿಲ್ಲ. ಒಂದು ಕಪ್ ಹೋಗಿ ಮೂರಾತು. ನಾಳಿಗೆ ಕಾರವಾರೋ ಗೋಕರ್ಣೋ ಅಂತ ಸುರು ಆತು... ನೀವು ಈಗ ಮಾಡಾಕತ್ತೀರಲ್ಲ, ಇದ ಜಗಳ! ಮಾತು ಮನಿ ಕೆಡಿಸ್ತು, ತೂತು ಒಲಿ ಕೆಡಿಸ್ತು. ಒಂದೂವರಿ ತಾಸು ಕುಂತ್ವಿ. ಹೊರಗ ಮಳಿ ಧೋ ಅಂತ ಹಿಡೀತು. 'ಸಮುದ್ರ ನಾಳಿಗೆ ನೋಡಿದ್ರಾತು, ಮೊದಲ ಲಾಜಿನ್ಯಾಗ ಖೋಲಿ ಹಿಡಿಯೂಣು...' ಹಂಗ ಅಂದಾಂವ ನಾನ.

"ಜೀಪಿಗೆ ಬಂದ್ವಿ. ಬಾಳಕೃಷ್ಣ ಹಿಂದ ಕುಂಡ್ರಾಕ ಕಲ್ಲು ಸರಸಾಕ ಹೋದ. ಸರೀಲಿಲ್ಲ. ನಾ ಕೈ ಹಾಕಿದೆ. ಹತ್ತಿ ಅಂಡಿಗಿ ಎತ್ತಿದ ಕೈ ಇವು, ತೆಂಗಿನಕಾಯಿ ಗಾತ್ರದ ಕಲ್ಲು ಅದು... ಅಲ್ಲಾಡಲಿಲ್ಲ. ಸೀಟು ಕೆಳಗ ಕುಸದಿತ್ತು, ಮನಶ್ಯಾ ಕುಂತಾಗ ಕುಸೀತೈತಲ್ಲ, ಹಂಗ. ಆವಾಗ ದನಿ ಬಂತು. ಸಿಟ್ಟಿನ ದನಿ ಅಲ್ಲೋ... ಬ್ಯಾಸತ್ತ ದನಿ. 'ಚಾ ಆತೇನ್ರೋ? ಇನ್ನರ ಹೋಗೂಣೇನು?'"

ಅಜ್ಜ ಪಂಚೆಯ ಅಂಚಿನಿಂದ ಬಾಯಿ ಒರೆಸಿಕೊಂಡ.

"ಅಹಮದಸಾಬ 'ಯಾ ಅಲ್ಲಾ' ಅಂತ ಗಾಡಿ ತಿರುವಿದ. ಸಮುದ್ರದ ಕಡೆ ಅಲ್ಲ... ಹೊಳ್ಳಿ ನಮ್ಮೂರ ಕಡೆ. ಬಾಳಕೃಷ್ಣ ಮುಂದ ನನ್ನ ತೊಡಿ ಮ್ಯಾಲೆ ಕುಂತಿದ್ದ. ಘಟ್ಟ ಹತ್ತೂತನಕಾ ಹಿಂದ ಅಳೂ ಸಪ್ಪಳ. ನನಗ ಆ ಹೆದರಿಕಿ ಯಾವಾಗೋ ಹೋತು, ನಾಚಿಕಿ ಹೋಗವಲ್ದು. ಅಂವಾ ನಮ್ಮನ್ನ ಕೊಲ್ಲಾಕ ಬಂದಿದ್ನೇನು? ಹತ್ತು ನಿಮಿಷ ಮುಂದ ಕರಕೊಂಡು ಹೋಗ್ರಿ ಅಂದಿದ್ದ, ಅಷ್ಟ. ಈಗ ಬಾಳಕೃಷ್ಣ ಇಲ್ಲ, ಅಹಮದಸಾಬಗ ಕಣ್ಣ ಕಾಣೂದಿಲ್ಲ, ನನ್ನ ಮೊಣಕಾಲು ಈ ಹೊಸ್ತಲಾ ದಾಟಸೂದಿಲ್ಲ. ಈ ಮನ್ಯಾಗ ಯಾರರ ಸಮುದ್ರದ ಸುದ್ದಿ ತಗದ್ರ ಅಂವಾ ಬಂದು ನಡುವ ಕುಂಡ್ರತಾನ, ತನ್ನದೊಂದ ಮಾತು ಹೇಳತಾನ. ನಿಮ್ಮಪ್ಪ ಎರಡು ಸಲ ಚೀಲಾ ಕಟ್ಟಿದ, ಎರಡು ಸಲ ಬಿಚ್ಚಿದ. ನೀವರ ಅವನ್ನ ಮುಟ್ಟಿಸ್ರೋ... ನಿಮ್ಮ ಕಾಲಿಗೆ ಬೀಳತೇನಿ."

"ಆ ಕಲ್ಲು ಎಲ್ಲೈತಿ ಅಜ್ಜಾ?" ದುರ್ಗಾ ಕೇಳಿದಳು.

ಅಜ್ಜ ಬಡಿಗೆಯಿಂದ ತೋರಿಸಿದ. "ಮನಿ ಮುಟ್ಟಿದಮ್ಯಾಲೆ ಹಗೂರಾತು, ನಿಮ್ಮಜ್ಜಿ ತಂದು ಅಲ್ಲಿಟ್ಲು; ಇಟ್ಟಮ್ಯಾಲೆ ಮತ್ತ ಯಾರ ಕೈಲೂ ಅಲ್ಲಾಡಿಲ್ಲ." ಪಡಸಾಲೆಯ ಬಾಗಿಲು ಗಾಳಿಗೆ ಬಡಿಯದಂತೆ ಒತ್ತಿಟ್ಟ ಕರಿಯ ಕಲ್ಲು. ಕಸ ಹೊಡೆಯುವಾಗ ಅದನ್ನು ಎತ್ತಲು ಹೋಗಬೇಡಿ, ಸುತ್ತ ಹೊಡೆದರೆ ಸಾಕು ಎಂದು ಅಜ್ಜಿ ಯಾಕೆ ಹೇಳುತ್ತಿದ್ದಳೆಂದು ಈಗ ತಿಳಿಯಿತು.

"ಎತ್ತು, ಶಾಂಭವಿ," ಎಂದ ಅಜ್ಜ.

ಉಸಿರು ಬಿಗಿಹಿಡಿದು ಎರಡೂ ಕೈ ಹಾಕಿದೆ. ಕಲ್ಲು ಸಲೀಸಾಗಿ ಮೇಲೆ ಬಂತು.

ಸಂಕೇತ ಜೋರಾಗಿ ನಕ್ಕ. "ಏನೂ ಇಲ್ಲಲ್ಲ ಅಜ್ಜಾ! ಸಾದಾ ಕಲ್ಲು."

ಅಜ್ಜ ನಗಲಿಲ್ಲ. ಕಿಟಕಿಯ ಗಾಜು ಒರೆಸಿ ಹೊರಗೆ ನೋಡಿದ. "ನಿಮ್ಮ ಚೀಲೆಲ್ಲಾ ಡಿಕ್ಕಿಯೊಳಗ ಅದಾವಲ್ಲ... ಹಂಗಾರ ಕಾರು ಹಿಂದಿನ ಎಡಗಡೆ ಬಾಗಲದ ಕಡೆ ಯಾಕ ವಾಲೇತಿ?"

ಸಂಕೇತನ ನಗು ಅಲ್ಲೇ ನಿಂತಿತು. ಕಾರು ನಿಜವಾಗಿಯೂ ವಾಲಿತ್ತು.

ಅಷ್ಟರಲ್ಲಿ ಚನ್ನಬಸವ್ವಜ್ಜಿ ಒಳಗಿನಿಂದ ತಟ್ಟೆ ಹಿಡಿದು ಬಂದಳು. "ಮಳ್ಯಾಗ ಹೊಂಟೀರಿ, ಒಂದೊಂದು ಕಪ್ ಚಾ ಕುಡದು ಹೋಗ್ರವಾ."

ರೂಢಿಯಂತೆ ಸಂಕೇತನ ಕೈ ಕಪ್ಪಿನತ್ತ ಹೋಯಿತು. ಅಜ್ಜ ಅವನ ಮಣಿಕಟ್ಟು ಹಿಡಿದ.

"ಬ್ಯಾಡೋ... ಕಾರಿನ ಕಿಟಕ್ಯಾಗಿಂದ ನೋಡಾಕತ್ತಾನ."