ಅವರು ಬಿಟ್ಟುಹೋದ ತೋಟ

ಕುರುಬರಹಳ್ಳಿಯ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಪ್ರಿಂಟ್‌ಔಟ್‌ಗೆ ಕಾಯುತ್ತಿದ್ದೆ. ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಸಿಪಿಯು ತಂದು ಮೇಜಿನ ಮೇಲಿಟ್ಟರು.

"ನಮ್ಮೆಜಮಾನ್ರ ಗೇಮ್ ಓಪನ್ ಆಗ್ತಿಲ್ಲಪ್ಪ. ಗ್ರಾಫಿಕ್ಸ್ ಎರರ್ ಅಂತ ಬರತ್ತೆ."

ಅಂಗಡಿಯ ಮುರಳೀಕೃಷ್ಣ ವೈರು ಸಿಕ್ಕಿಸಿ ನೋಡಿದ.

"ಗ್ರಾಫಿಕ್ಸ್ ಡ್ರೈವರ್ ಸಾಫ್ಟ್‌ವೇರ್ ಹಾಳಾಗಿದೆ ಆಂಟಿ, ಹೊಸದು ಹಾಕ್ತೀನಿ. ಯಾವಾಗಿಂದ ಹಿಂಗೆ?"

"ಅವರು ಆಸ್ಪತ್ರೆ ಸೇರೋ ಹಿಂದಿನ ದಿನದಿಂದ. ಸರಿ ಮಾಡಿಸಿಡು, ಬಂದು ಗೇಮಲ್ಲಿರೋ ನನ್ನ ತೋಟ ನೋಡ್ಬೇಕು ಅಂದ್ರು. ಆಟ ತಾನೇ ಅಂತ ಸುಮ್ಮನಾದೆ."

"ಈಗ ಹೇಗಿದಾರೆ?"

"ಹೋಗ್ಬಿಟ್ರು. ಮೊನ್ನೆಗೆ ಒಂದು ತಿಂಗಳಾಯ್ತು."

ಅವನು ಹೊಸ ಡ್ರೈವರ್ ಹಾಕಿ ಗೇಮ್ ತೆರೆದ. ಸ್ಕ್ರೀನ್ ಮೇಲೆ ತೋಟ ಬಂತು. ಸಾಲು ಬದನೆ, ಚೆಂಡುಹೂ, ಬೇಲಿಯ ಪಕ್ಕ ಒಂದು ಕಲ್ಲುಬೆಂಚು.

"ಇಷ್ಟು ದಿನ ಯಾರೂ ನೀರು ಹಾಕಿಲ್ಲ. ಒಣಗೇ ಇಲ್ವಲ್ಲಪ್ಪ?"

"ಗೇಮ್ ಓಪನ್ ಮಾಡ್ದೇ ಇದ್ರೆ ಅಲ್ಲಿ ದಿನ ಮುಂದಕ್ಕೆ ಹೋಗಲ್ಲ ಆಂಟಿ. ಅವರು ಬಿಟ್ಟಾಗ ಹೆಂಗಿತ್ತೋ ಹಂಗೇ ಇದೆ. ಇನ್ಮೇಲೆ ನೀವು ಆಡ್ಬಹುದು."

ಆಕೆ ತುಂಬ ಹೊತ್ತು ನೋಡಿದರು.

"ಬೇಡಪ್ಪ, ಮುಚ್ಚಿಬಿಡು. ಅಲ್ಲಾದ್ರೂ ಆ ದಿನ ಹಾಗೇ ಇರ್ಲಿ."

ಮುರಳೀಕೃಷ್ಣ ತಾನೇ ಸಿಪಿಯು ಹೊತ್ತು ಆಟೋದಲ್ಲಿಟ್ಟ. ಆಕೆ ಅದನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕೂತರು. ಆಟೋ ಹೊರಟಿತು.